ನಮ್ಮ ಕಡೆಯ ನಾಲ್ಕು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೇರವಾಗಿಯೇ ಹೊರಡುತ್ತದೆ, ಕೊನೆ ಮುಟ್ಟುವಷ್ಟರಲ್ಲಿ ಮೇಲಕ್ಕೆ ಏರಿರುತ್ತದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ನನಗೆ ಬರುವುದಿಲ್ಲ. ಪಂದ್ಯದ ದಿನ ಗೇಟಿನ ಹತ್ತಿರ ಹಂಚುವ ಅಭಿಮಾನಿ ಸಂಘದ ಪತ್ರಿಕೆಗೆ ಬೋರ್ಡಕ್ಕನ ಬಗ್ಗೆ ಯಾರಾದರೂ ಬರೆದುಕೊಡಬೇಕು ಎಂಬ ಮಾತು ಬಂದಾಗ, ಆಕೆ ನನ್ನ ಚಿಕ್ಕಮ್ಮ ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನರ ಮುಂದೆ ಎದ್ದು ನಿಂತು 'ಆಗುವುದಿಲ್ಲ' ಎನ್ನಲು ನಾಚಿಕೆಯಾಗಿ ಒಪ್ಪಿಕೊಂಡೆ. ನಾನು ಕಣ್ಣಾರೆ ನೋಡದೆ ಇದ್ದದ್ದನ್ನು ಅವಳನ್ನೂ ತಾತನನ್ನೂ ಬೇರೆಬೇರೆಯಾಗಿ ಕೇಳಿ, ಇಬ್ಬರ ಮಾತೂ ಒಂದೇ ಆದಾಗ ಮಾತ್ರ ಬರೆದಿದ್ದೇನೆ. ಇಲ್ಲಿ ಅವಳನ್ನು ಊರೆಲ್ಲ ಕರೆಯುವ ಹಾಗೆ ಬೋರ್ಡಕ್ಕ ಎಂದೇ ಕರೆಯುತ್ತೇನೆ.

ಬೋರ್ಡಕ್ಕನಿಗೆ ಆ ಹೆಸರು ಬಂದದ್ದು ಎರಡು ಬೋರ್ಡುಗಳಿಂದ. ಒಂದು ಹೊಟ್ಟೆಪಾಡಿನದು. ಅವಳು ಅಂಗಡಿಗಳಿಗೆ ಬೋರ್ಡು ಬರೆಯುತ್ತಾಳೆ. ಈಗ ಎಲ್ಲರೂ ಮಿಷನ್ನಿನಲ್ಲಿ ಅಚ್ಚು ಹಾಕಿಸುವುದರಿಂದ ಅವಳ ಪಾಲಿಗೆ ಉಳಿದಿರುವುದು 'ಬಾಗಿಲು ತಳ್ಳಿ', 'ಇಂದು ರಜೆ', 'ಇಲ್ಲಿ ಗಾಡಿ ನಿಲ್ಲಿಸಬೇಡಿ' ಇಂಥವೇ ಹೆಚ್ಚು. ಇನ್ನೊಂದು ಮೈದಾನದ ಸ್ಕೋರ್‌ಬೋರ್ಡು. ನಮ್ಮ ತಂಡ ಊರಿನಲ್ಲಿ ಆಡುವ ದಿನ ಅವಳು ಏಣಿ ಹತ್ತಿ, ಬೋರ್ಡಿನ ಮುಂದಿರುವ ಕಿರಿದಾದ ಅಟ್ಟಣಿಗೆಯ ಮೇಲೆ ನಿಂತು, ಗೋಲು ಆದಾಗಲೆಲ್ಲ ಅಂಕೆಯ ಹಲಗೆ ಬದಲಿಸುತ್ತಾಳೆ. ಬೇರೆ ಊರುಗಳಲ್ಲಿ ಅದಕ್ಕೆ ದೀಪದ ಬೋರ್ಡು ಬಂದು ಎಷ್ಟೋ ಕಾಲವಾಯಿತು. ನಮ್ಮಲ್ಲಿ ಇನ್ನೂ ಮರ, ಕೊಕ್ಕೆ ಮತ್ತು ಬೋರ್ಡಕ್ಕ.

ಬೋರ್ಡಿನ ಎಡಭಾಗದಲ್ಲಿ 'ನಾವು', ಬಲಭಾಗದಲ್ಲಿ 'ಅವರು' ಎಂದಿದೆ. ಎರಡರ ಕೆಳಗೂ ಎರಡೆರಡು ಕೊಕ್ಕೆ. ಒಂದೊಂದು ಹಲಗೆಯ ಮೇಲಂಚಿನಲ್ಲಿ ಎರಡು ತೂತು. ತೂತಿಗೆ ಕೊಕ್ಕೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ನಮ್ಮ ಹಲಗೆಗಳು ಬೂದು ಬಣ್ಣದವು, ಅಂಕೆ ಬಿಳಿ. ನಮ್ಮ ತಂಡಕ್ಕೆ ಗುಬ್ಬಿಗಳು ಎಂದು ಹೆಸರು, ಅಂಗಿಯ ಬಣ್ಣವೂ ಬೂದು. ಅವರ ಹಲಗೆಗಳು ಕಪ್ಪು, ಅಂಕೆ ಹಳದಿ. ಅವರ ಕಡೆ ಸೊನ್ನೆಯಿಂದ ಒಂಬತ್ತರವರೆಗೂ ಹಲಗೆಗಳಿವೆ. ನಮ್ಮ ಕಡೆ ಸೊನ್ನೆಯಿಂದ ಮೂರರವರೆಗೆ ಮಾತ್ರ.

ಮೊದಲು ನಮ್ಮದೂ ಒಂಬತ್ತರವರೆಗೆ ಇತ್ತಂತೆ. ಬೇಡದ ವಸ್ತು ಯಾಕೆ ಬಿಸಿಲಿಗೆ ಒಣಗಬೇಕು ಎಂದು ಮೈದಾನದವರು ಒಂದೊಂದೇ ಬೇರೆ ಕೆಲಸಕ್ಕೆ ಹಚ್ಚಿದರು. ಒಂಬತ್ತು ಸಾಮಾನು ಕೋಣೆಯ ಶೆಲ್ಫಾಯಿತು. ಏಳು ಒಂದು ಒಡೆದ ಕಿಟಕಿಗೆ ಹೋಯಿತು. ನಾಲ್ಕನ್ನು ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿ, ಗಾಳಿಗೆ ಹಾರಬಾರದೆಂದು ಮೊಳೆಯನ್ನೂ ಹೊಡೆದರು.

ಆಗ ಅಟ್ಟಣಿಗೆಯ ಮೇಲೆ ನಿಲ್ಲುತ್ತಿದ್ದವನು ಬೋರ್ಡಕ್ಕನ ಅಪ್ಪ, ಅಂದರೆ ನನ್ನ ತಾತ. ಅವನೂ ಬೋರ್ಡು ಬರೆಯುವವನೇ, ಮಗಳಿಗೆ ಕೈ ತಿದ್ದಿದವನೂ ಅವನೇ. ಒಂದು ದಿನ, ಯಾರೂ ಕನಸಿನಲ್ಲೂ ನೆನೆಯದೆ ಇದ್ದಾಗ, ಗುಬ್ಬಿಗಳು ನಾಲ್ಕನೇ ಗೋಲು ಹೊಡೆದುಬಿಟ್ಟರು. ಅಪ್ಪ ಅಟ್ಟಣಿಗೆಯ ಮೇಲೆ ಆ ಕಡೆ ಈ ಕಡೆ ತಡಕಾಡಿದ. ಕೆಳಗಿಳಿದು ಡ್ರಮ್ಮಿನ ಹತ್ತಿರ ಓಡಿದ. ಮುಚ್ಚಳ ಜಪ್ಪಯ್ಯ ಅಂದರೂ ಏಳಲಿಲ್ಲ. ಅಷ್ಟರಲ್ಲಿ ಕೊನೆಯ ಸೀಟಿ ಕೇಳಿತು. ಪಂದ್ಯ ನಮಗೆ ನಾಲ್ಕು, ಅವರಿಗೆ ಮೂರು. ಬೋರ್ಡಿನಲ್ಲಿ ಮೂರು, ಮೂರು. ಮಾರನೆಯ ದಿನ ಪೇಪರಿನಲ್ಲಿ ಬಂದ ಫೋಟೋದಲ್ಲಿ ನಮ್ಮ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾರೆ, ಹಿಂದೆ ಬೋರ್ಡು ಸಮಸಮ ಎನ್ನುತ್ತಿದೆ! 'ಗುಬ್ಬಿಗಳಿಗೆ ಲೆಕ್ಕ ಬರುವುದಿಲ್ಲ' ಎಂದು ಅದರ ಕೆಳಗೆ ಬರೆದಿದ್ದರು. ಅವತ್ತಿನಿಂದ ಅವನು ಮೂರಪ್ಪ. ಕ್ಷೌರದ ಅಂಗಡಿಯಲ್ಲಿ ಮೂರಪ್ಪ, ಬಸ್ಸಿನಲ್ಲಿ ಮೂರಪ್ಪ. ಕರೆದವರ ಜೊತೆ ಅವನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ ಎನ್ನುವುದು ಬೋರ್ಡಕ್ಕನಿಗೆ ಮಾತ್ರ ಗೊತ್ತಿತ್ತು.

ಇನ್ನೂ ಒಂದು ಸಂಗತಿ ಇದೆ. ಅದಾದ ಮುಂದಿನ ವಾರವೇ ಅವನು ಹಟ ಹಿಡಿದು ನಮ್ಮ ಕಡೆಗೆ ಒಂದು ಹೊಸ ನಾಲ್ಕನ್ನು ಬರೆದಿಟ್ಟ. ಆಮೇಲೆ ಗುಬ್ಬಿಗಳಿಗೆ ಗೋಲು ಎನ್ನುವುದೇ ಮರೆತುಹೋಯಿತು. ಸೋತು ಸೋತು ಆ ಸೀಸನ್ನಿನ ಕೊನೆಗೆ ಕೆಳಗಿನ ದರ್ಜೆಗೆ ಜಾರಿದರು. ಅಪ್ಪ ಯಾರಿಗೂ ಹೇಳದೆ ಆ ಹಲಗೆಯನ್ನು ಗರಗಸದಿಂದ ಕೊಯ್ದು ತುಂಡು ಮಾಡಿದ. "ಆಗದೆ ಇರೋ ಗೋಲಿಗೆ ಹಲಗೆ ಮಾಡಿದ್ರೆ ಗೋಲು ಮುನಿಸ್ಕೊಳ್ಳುತ್ತೆ ಕಣೇ," ಎಂದು ಮಗಳಿಗೆ ಹೇಳಿದ. ಅವನ ಮಂಡಿ ಏಣಿಗೆ ಒಲ್ಲೆ ಎಂದಾಗ ಬೋರ್ಡಕ್ಕ ಹತ್ತಿದಳು. ಅಲ್ಲಿಂದ ಇಲ್ಲಿಯವರೆಗೂ ಅವಳಿಗೆ ನಾಲ್ಕು ಬೇಕಾಗಿಯೇ ಇರಲಿಲ್ಲ.

ಈ ಸಲ ಬೇಕಾಗುತ್ತದೆ ಎಂದು ಅವಳಿಗೆ ಅನ್ನಿಸಿಬಿಟ್ಟಿತು.

ಹೋದ ಸೀಸನ್ನಿನ ಕೊನೆಯ ಪಂದ್ಯದಲ್ಲಿ ಗುಬ್ಬಿಗಳು ಹೇಗೋ ಏದುಸಿರು ಬಿಡುತ್ತ ಮೇಲಿನ ದರ್ಜೆಗೆ ಹತ್ತಿಕೊಂಡಿದ್ದರು. ಪೇಪರಿನವರೆಲ್ಲ, ಮೊದಲು ಕೆಳಗೆ ಬೀಳುವ ತಂಡ ಇದೇ ಎಂದು ಒಂದೇ ಬಾಯಲ್ಲಿ ಬರೆದಿದ್ದರು. ಆದರೆ ಪೇಪರಿನವರು ತಾಲೀಮು ನೋಡಿರಲಿಲ್ಲ, ಬೋರ್ಡಕ್ಕ ನೋಡಿದ್ದಳು. ಸೀಸನ್ ಶುರುವಾಗುವ ಮುಂಚೆ ಬೋರ್ಡಿಗೆ ಬಣ್ಣ ಬಳಿಯಲು ಅವಳು ಅಟ್ಟಣಿಗೆ ಹತ್ತಿದ್ದಾಗ, ಕೆಳಗೆ ಒಬ್ಬ ಹೊಸ ಹುಡುಗ ಮೂಲೆಯಿಂದ ಒಂದೇ ಸಮನೆ ಚೆಂಡು ಒದೆಯುತ್ತಿದ್ದ. ಬೇರೆ ಕ್ಲಬ್ಬಿನವರು 'ತೀರ ಕುಳ್ಳ' ಎಂದು ಬಿಟ್ಟುಕೊಟ್ಟವನಂತೆ. ನಮ್ಮವರೂ ಕುಳ್ಳ ಎಂದೇ ಕರೆಯುತ್ತಿದ್ದರು. ಅವನ ಎಡಗಾಲು ತಾಗಿದ ಚೆಂಡು ಹೊರಗೆ ಹೋಗುತ್ತದೆ ಎಂದುಕೊಳ್ಳುವಷ್ಟರಲ್ಲಿ, ಮನೆಯಲ್ಲಿ ಏನೋ ಮರೆತು ಬಂದವರಂತೆ, ತಿರುಗಿ ಗೋಲಿನೊಳಗೆ ಬರುತ್ತಿತ್ತು. ಬೋರ್ಡಕ್ಕ ಬ್ರಷ್ಷನ್ನು ಗಾಳಿಯಲ್ಲೇ ಹಿಡಿದು ನೋಡುತ್ತ ನಿಂತಳು. ಬಣ್ಣ ತೊಟ್ಟಿಕ್ಕಿ ಚಪ್ಪಲಿ ಎಲ್ಲ ಬಿಳಿಯಾದದ್ದು ಇಳಿಯುವಾಗಲೇ ಗೊತ್ತಾದದ್ದು.

"ಅಪ್ಪ, ಈ ಸಲ ಬೇರೆ," ಎಂದಳು ಮನೆಗೆ ಬಂದು.

"ಪ್ರತಿ ಸಲಾನೂ ಇದನ್ನೇ ಹೇಳ್ತೀಯ."

"ಪ್ರತಿ ಸಲ ಬಾಯಲ್ಲಿ ಹೇಳ್ತಿದ್ದೆ. ಈ ಸಲ ಕಣ್ಣಲ್ಲಿ ನೋಡಿ ಹೇಳ್ತಿದ್ದೀನಿ."

ಅಪ್ಪ ರೇಡಿಯೋದ ಕಿವಿ ತಿರುವುತ್ತ, "ಮೊದಲು ಚಪ್ಪಲಿ ಒರೆಸ್ಕೋ," ಎಂದ. ಆದರೆ ಊಟಕ್ಕೆ ಕುಳಿತಾಗ ತಾನಾಗಿಯೇ, "ಎಡಗಾಲಾ?" ಎಂದು ಕೇಳಿದ.

ಮೊದಲ ಪಂದ್ಯ ಬೇರೆ ಊರಿನಲ್ಲಿತ್ತು. ಗುಬ್ಬಿಗಳು ಎರಡು ಸೊನ್ನೆಯಿಂದ ಗೆದ್ದರು. ಅಪ್ಪ ಮಗಳು ರೇಡಿಯೋಗೆ ತಲೆ ಹಚ್ಚಿ ಕೇಳಿ, ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಕಸ್ಮಾತ್ ತಪ್ಪು ಕೇಳಿಸಿತೋ ಏನೋ ಎಂದು ವಾರ್ತೆಯನ್ನೂ ಕೇಳಿದರು. ಮಾರನೆಯ ದಿನ ಬೀದಿಗೆ ಬೀದಿಯೇ ಸಡಗರದಲ್ಲಿತ್ತು. ಕ್ಷೌರದ ಅಂಗಡಿಯವನು ಪೇಪರಿನಿಂದ ತಂಡಗಳ ಪಟ್ಟಿ ಕತ್ತರಿಸಿ ಕನ್ನಡಿಗೆ ಅಂಟಿಸಿದ್ದ. ಗುಬ್ಬಿಗಳು ಎರಡನೇ ಸ್ಥಾನದಲ್ಲಿದ್ದರು.

"ಆಗಿರೋದು ಒಂದೇ ಪಂದ್ಯ, ಅದಕ್ಕೆ ಇಷ್ಟೊಂದು ಅಂಟು ಖರ್ಚು ಮಾಡ್ತೀಯಲ್ಲೋ," ಎಂದ ಕ್ಷೌರದ ಕುರ್ಚಿಯಲ್ಲಿ ಕುಳಿತಿದ್ದ ಬೀಗದ ಅಂಗಡಿಯವನು. ಅವನ ಅಂಗಡಿ ಬೋರ್ಡಕ್ಕನ ಷಟರಿಗೆ ಅಂಟಿಕೊಂಡೇ ಇದೆ. ಹುಟ್ಟಿದ್ದು ಬಂದರಿನ ಊರಿನಲ್ಲಾದ್ದರಿಂದ ಅವನು ಬಂದರಿನ ತಂಡದ ಕಟ್ಟಾ ಅಭಿಮಾನಿ.

"ಬದಲಾಗೋಕೆ ಮುಂಚೆ ಅಂಟಿಸ್ಬೇಕಲ್ಲಪ್ಪ," ಎಂದ ಕ್ಷೌರದವನು. "ಎರಡನೇ ಸ್ಥಾನ ಅಂದ್ರೆ ಎರಡನೇ ಸ್ಥಾನಾನೇ. ತಲೆ ಆಡಿಸ್ಬೇಡ, ಕಿವಿ ಹೋಗುತ್ತೆ."

"ಮುಂದಿನ ವಾರ ನಮ್ಮೋರು ಬರ್ತಾರೆ. ಆಗ ನಿಮ್ಮ ಗುಬ್ಬಿ ಪುಕ್ಕ ಎಲ್ಲ ಕಿತ್ತು ದಿಂಬಿಗೆ ತುಂಬ್ಕೊಂಡು ಹೋಗ್ತಾರೆ. ಬೋರ್ಡಕ್ಕ, ನಿಮ್ಮ ಸೊನ್ನೆ ಹಲಗೇನ ಚೆನ್ನಾಗಿ ಒರೆಸಿಡು, ಹೊಳೀಲಿ."

ಬಾಗಿಲಲ್ಲಿ ನಿಂತಿದ್ದ ಬೋರ್ಡಕ್ಕ, "ನೀನು ಕರವಸ್ತ್ರ ಒಗೆದಿಡು. ಬೇಕಾಗುತ್ತೆ," ಎಂದು ಹೊರಟೇಬಿಟ್ಟಳು. ಅವಳ ಕಾಲುಗಳು ನೆಟ್ಟಗೆ ಮೈದಾನದ ಕಚೇರಿಗೆ ನಡೆದವು.

ಕಚೇರಿಯಲ್ಲಿ ಮ್ಯಾನೇಜರು ಮೂಲೆ ಬಾವುಟಗಳ ಬಟ್ಟೆ ಹೊಲಿಯುತ್ತ ಕುಳಿತಿದ್ದರು. ನಮ್ಮ ಕ್ಲಬ್ಬಿನಲ್ಲಿ ಮ್ಯಾನೇಜರಿಗೆ ಅದೂ ಕೆಲಸವೇ.

"ಸಾರ್, ನಮ್ಮ ಕಡೆಗೆ ನಾಲ್ಕು ಬೇಕು."

"ನಾಲ್ಕು ಏನಮ್ಮ?"

"ನಾಲ್ಕರ ಹಲಗೆ. ಐದೂ ಇದ್ರೆ ಒಳ್ಳೇದು. ಸದ್ಯಕ್ಕೆ ನಾಲ್ಕು ಸಾಕು."

ಮ್ಯಾನೇಜರು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಕನ್ನಡಕ ತೆಗೆದು, ಅವಳನ್ನು ಕರುಣೆಯಿಂದ ನೋಡಿದರು. "ಮೂರರ ಹಲಗೇನೇ ವರ್ಷಗಟ್ಟಲೆ ಗೂಡಿನಿಂದ ಹೊರಗೆ ಬಂದಿಲ್ಲ, ಅದಕ್ಕೇ ಧೂಳು ಹಿಡಿದಿದೆ. ಬೇಕಾದ ದಿನ ನೋಡೋಣ ಬಿಡಮ್ಮ."

"ಬೇಕಾದ ದಿನ ನೋಡೋದು ಅಂದ್ರೆ? ಗೋಲಾದ ಮೇಲೆ ಮರ ಕಡಿಯೋಕೆ ಹೋಗ್ಲಾ?"

ಅವರು ನಕ್ಕರು, ಆದರೆ ಹಲಗೆ ಕೊಡಲಿಲ್ಲ. ಬೋರ್ಡಕ್ಕ ಸಾಮಾನು ಕೋಣೆಗೆ ಹೋಗಿ ಅವರ ಕಡೆಯ ನಾಲ್ಕನ್ನು, ಆ ಕಪ್ಪು ಹಳದಿ ಹಲಗೆಯನ್ನು, ಗೋಣಿಚೀಲದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದಳು. ಅದು ಬೇಕಾದದ್ದಕ್ಕೆ ಕಾರಣವಿತ್ತು. ಬೋರ್ಡಿನ ಅಂಕೆಗಳೆಲ್ಲ ಅಪ್ಪ ಬರೆದವು. ಅವನ ನಾಲ್ಕು ಕೋಲಿನಂತೆ ನೆಟ್ಟಗೆ ನಿಲ್ಲುತ್ತದೆ. ಬೋರ್ಡಕ್ಕ ಬರೆದ ನಾಲ್ಕು ಯಾವಾಗಲೂ ಸ್ವಲ್ಪ ಎಡಕ್ಕೆ ಒರಗುತ್ತದೆ. ನಮ್ಮ ಕಡೆಯ ನಾಲ್ಕು ಅವನ ಕೈಯದೇ ಆಗಿರಬೇಕು ಎಂದು ಅವಳಿಗೆ ಆಸೆ. ಅವನನ್ನು ಕೇಳುವ ಹಾಗಿಲ್ಲ. ಕೇಳಿದರೆ ಗೋಲು ಮುನಿಸಿಕೊಳ್ಳುವ ಮಾತು ಬರುತ್ತದೆ. ಆದ್ದರಿಂದ ಷಟರ್ ಅರ್ಧಕ್ಕೆ ಇಳಿಸಿ, ಅಳಿದುಳಿದ ಹಲಗೆಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, ಅದರ ಮೇಲೆ ಅಪ್ಪನ ನಾಲ್ಕನ್ನು ಇಟ್ಟಳು. ಹಲಗೆಯ ಅಂಚು, ಮೇಲಿನ ಎರಡು ತೂತು, ಎಲ್ಲವನ್ನೂ ಒಂದು ಗೆರೆ ಬಿಡದೆ ಪೆನ್ಸಿಲ್ಲಿನಿಂದ ಸುತ್ತಿದಳು. ತೆಳು ಕಾಗದ ಹಾಸಿ ಅಂಕೆಯನ್ನೂ ತೆಗೆದುಕೊಂಡಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಹುಷಾರಾಗಿ ತೂತು ಕೊರೆದಳು. ಆಮೇಲೆ ಬೂದು ಬಣ್ಣ ಕಲಸತೊಡಗಿದಳು.

ಒಳಗಿನಿಂದ ಅಪ್ಪನ ದನಿ ಬಂತು. "ಏನೇ ಅದು, ಬಣ್ಣದ ವಾಸನೆ?"

"ಹಣ್ಣಿನ ಅಂಗಡಿ ಬೋರ್ಡು."

ಅವನು ಕೋಲೂರಿಕೊಂಡು ಬಾಗಿಲ ತನಕ ಬಂದು ಡಬ್ಬಿಯೊಳಗೆ ಇಣುಕಿದ. ಹಲಗೆಯ ಮೇಲೆ ಅಷ್ಟರಲ್ಲಿ ಗೋಣಿ ಬಿದ್ದಿತ್ತು. "ಹಣ್ಣಿನ ಅಂಗಡಿಗೆ ಬೂದು ಬಣ್ಣಾನಾ?"

ಬೋರ್ಡಕ್ಕ ಡಬ್ಬಿಯೊಳಗೆ ಇನ್ನೂ ಜೋರಾಗಿ ಕಡ್ಡಿ ತಿರುವಿದಳು. "ಒಣಹಣ್ಣು ಅಪ್ಪ."

"ಹೂಂ," ಎಂದು ಅವನು ಹೋದ. ನಂಬಿದನೋ ಇಲ್ಲವೋ, ಅವಳಿಗೆ ಗೊತ್ತಾಗಲಿಲ್ಲ. ತಾತನನ್ನು ನಾನು ಕೇಳಿದಾಗ, "ಒಣಹಣ್ಣು ಮಾರೋರು ಈ ಬೀದೀಲಿ ಯಾರಿದ್ದಾರೆ?" ಎಂದಷ್ಟೇ ಹೇಳಿದ.

ಆ ವಾರವೆಲ್ಲ ಮೋಡ. ಬಣ್ಣ ಒಣಗಲೇ ಇಲ್ಲ. ಪಂದ್ಯದ ದಿನ ಬೋರ್ಡಕ್ಕ ಬೆರಳು ತಾಗಿಸಿ ನೋಡಿದಾಗ ಬಿಳಿಯದು ಇನ್ನೂ ಅಂಟುತ್ತಿತ್ತು. ಆದರೂ ಹಲಗೆಯನ್ನು ಗೋಣಿಯೊಳಗೆ ಸೇರಿಸಿ, ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಹೋಗಿ, ಅಟ್ಟಣಿಗೆಯ ಮೂಲೆಯಲ್ಲಿ ಮುಚ್ಚಿಟ್ಟಳು. ಮಾಡಿದ್ದು ಸರಿಯೋ ತಪ್ಪೋ? ಅಪ್ಪನ ಮಾತು ನಿಜವಾಗಿದ್ದರೆ, ಇವತ್ತು ಗುಬ್ಬಿಗಳು ಸೋತರೆ ಅದು ತನ್ನ ಕೈಕೆಲಸವೇ. ಅಪ್ಪನ ಮೂರನ್ನು ಅಳಿಸಲು ಹೋಗಿ ಇಡೀ ಸೀಸನ್ನನ್ನೇ ಅಳಿಸಿಬಿಟ್ಟರೆ?

ಜನ ಬರತೊಡಗಿದರು. ಅಷ್ಟು ಜನವನ್ನು ಆ ಮೈದಾನ ನೋಡಿ ಎಷ್ಟೋ ಕಾಲವಾಗಿತ್ತು. ಅಪ್ಪ ಎಂದಿನಂತೆ ಬೋರ್ಡಿನ ಬುಡದ ಬೆಂಚಿನಲ್ಲಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕುಳಿತ. ಎದುರುಗಡೆ ಬಂದರಿನವರ ಗುಂಪಿನಲ್ಲಿ ಬೀಗದ ಅಂಗಡಿಯವನು ಕೆಂಪು ಮಫ್ಲರು ಬೀಸುತ್ತ, ಇಲ್ಲಿಯವರೆಗೂ ಕೇಳುವಂತೆ ತುತ್ತೂರಿ ಊದುತ್ತಿದ್ದ.

ಮೊದಲ ಗೋಲು ಬಂದರಿನವರದೇ. ಆಟ ಶುರುವಾಗಿ ಜನ ಕುಳಿತುಕೊಳ್ಳುವ ಮುಂಚೆಯೇ ಚೆಂಡು ನಮ್ಮ ಬಲೆಯಲ್ಲಿತ್ತು. ಬೋರ್ಡಕ್ಕ ಅವರ ಕಡೆ ಒಂದನ್ನು ತಗಲಿಸುವಾಗ ಗೋಣಿಯತ್ತ ನೋಡಲಿಲ್ಲ. ನೋಡಲು ಧೈರ್ಯವಾಗಲಿಲ್ಲ. ಆದರೆ ಗುಬ್ಬಿಗಳು ಹೆದರಿದಂತೆ ಕಾಣಲಿಲ್ಲ. ಒಬ್ಬರಿಂದ ಒಬ್ಬರಿಗೆ ಚೆಂಡು ದಾಟಿಸುತ್ತ, ಮನೆಯ ಅಂಗಳದಲ್ಲಿ ಆಡುವವರಂತೆ ಆಡಿದರು. ಕುಳ್ಳ ಇಬ್ಬರ ನಡುವೆ ನುಸುಳಿ ಒಂದು ಹೊಡೆದ. ಸ್ವಲ್ಪ ಹೊತ್ತಿಗೆ ಅವನೇ ಕೊಟ್ಟ ಚೆಂಡಿಗೆ ಇನ್ನೊಬ್ಬ ತಲೆ ಕೊಟ್ಟು ಎರಡು ಮಾಡಿದ. ವಿರಾಮದ ಹೊತ್ತಿಗೆ ಬೋರ್ಡಿನಲ್ಲಿ ನಾವು ಎರಡು, ಅವರು ಒಂದು. ಬೋರ್ಡಕ್ಕ ಏಣಿಯಿಂದ ಇಳಿಯಲೇ ಇಲ್ಲ. ಇಳಿದರೆ ಏನಾದರೂ ಬದಲಾಗಬಹುದೆಂದು ಅವಳಿಗೆ ಭಯ.

"ನೀರು ಕುಡೀತೀಯಾ?" ಎಂದು ಅಪ್ಪ ಕೆಳಗಿನಿಂದ ಕೂಗಿದ.

"ಬೇಡ! ನೀನೂ ಅಲ್ಲಾಡಬೇಡ, ಹಂಗೇ ಕೂತಿರು!"

ವಿರಾಮ ಮುಗಿದ ಮೇಲೆ ಕುಳ್ಳ ಮೂಲೆಯಿಂದ ಒದ್ದ ಚೆಂಡು, ತಾಲೀಮಿನಲ್ಲಿ ಅವಳು ನೋಡಿದ್ದ ಹಾಗೆಯೇ, ಹೊರಗೆ ಹೊರಟು, ಮನಸ್ಸು ಬದಲಿಸಿ, ಒಳಗೆ ಬಂತು. ಮೈದಾನವೇ ಎದ್ದು ನಿಂತಿತು. ಬೋರ್ಡಕ್ಕ ಮೂರನ್ನು ತಗಲಿಸಿದಾಗ ಅದರ ಧೂಳು ಅವಳ ಮುಖಕ್ಕೇ ಉದುರಿತು. ಕೆಳಗೆ ಯಾರೋ ಕೂಗು ಎಬ್ಬಿಸಿದರು: "ಮೂರಪ್ಪ! ಮೂರಪ್ಪ!" ಅದು ಬೆಂಚಿನಿಂದ ಬೆಂಚಿಗೆ ಹರಡಿತು. ಪ್ರೀತಿಯಿಂದಲೇ ಕೂಗುತ್ತಿದ್ದರು. ಅಪ್ಪ ಕೈ ಎತ್ತಿ ಬೀಸಿದ, ನಕ್ಕ. ಬೋರ್ಡಕ್ಕ ಮೇಲಿನಿಂದ ಅವನ ಬೋಳು ತಲೆಯನ್ನು ನೋಡುತ್ತ, "ಇನ್ನೊಂದು. ಇನ್ನೊಂದೇ ಒಂದು," ಎಂದು ಹಲ್ಲು ಕಚ್ಚಿಕೊಂಡು ಹೇಳಿದಳು.

ಬಂದರಿನವರು ಸುಮ್ಮನೆ ಬಿಡುವವರಲ್ಲ. ಅವರದೂ ಎರಡಾಯಿತು. ಮೈದಾನ ತಣ್ಣಗಾಯಿತು. ಬೋರ್ಡಕ್ಕ ಈಗ ಗೋಣಿಯತ್ತ ನೋಡಿದಳು. ಎತ್ತಿ ಕೆಳಗೆ ಎಸೆದುಬಿಡಲೇ ಎನ್ನುವಷ್ಟು ಕೈ ತುರಿಸಿತು. ಎಸೆಯಲು ಬಗ್ಗಿದವಳ ಕಿವಿಗೆ ಗದ್ದಲ ಬಿತ್ತು. ತಿರುಗಿ ನೋಡಿದರೆ, ಬಂದರಿನವರ ಗೋಲಿನ ಮುಂದೆ ಹತ್ತಾರು ಕಾಲುಗಳ ಗೊಂದಲ. ಯಾರೋ ಒದ್ದದ್ದು ಕಂಬಕ್ಕೆ ಬಡಿದು, ನಮ್ಮ ಉದ್ದನೆಯ ಡಿಫೆಂಡರನ ಬೆನ್ನಿಗೆ ತಾಗಿ, ಉರುಳುತ್ತ ಉರುಳುತ್ತ ಗೆರೆ ದಾಟಿತು. ಅವನು ಮಾತ್ರ ಚೆಂಡು ಎಲ್ಲಿ ಎಂದು ಇನ್ನೂ ಸುತ್ತ ಹುಡುಕುತ್ತಿದ್ದ!

ನಾಲ್ಕು.

ಬೋರ್ಡಕ್ಕ ಮೂರನ್ನು ಕಿತ್ತಿಟ್ಟು ಗೋಣಿಯಿಂದ ಹೊಸ ಹಲಗೆ ಎಳೆದಳು. ಬಲಗಡೆಯ ತೂತಿಗೆ ಕೊಕ್ಕೆ ಸಿಕ್ಕಿತು. ಎಡಗಡೆಯದು ಸಿಗಲಿಲ್ಲ. ಎಡಗಡೆಯದನ್ನು ಮೊದಲು ಸಿಕ್ಕಿಸಿದಳು. ಈಗ ಬಲಗಡೆಯದು ಒಲ್ಲದು. ಕೊಕ್ಕೆಗಿಂತ ತೂತುಗಳು ದೂರವಾಗಿದ್ದವು, ಎರಡು ಬೆರಳಿನಷ್ಟು.

ಆಗ ಅವಳಿಗೆ ನೆನಪಾಯಿತು. ಹಿಂದೆ ಒಂದು ಬಿರುಗಾಳಿಗೆ ಬೋರ್ಡಿನ ಎಡಭಾಗದ ತೊಲೆ ಸೀಳಿದಾಗ, ಅಪ್ಪ ನಮ್ಮ ಕಡೆಯ ಕೊಕ್ಕೆಗಳನ್ನು ಗಟ್ಟಿ ಮರ ಇದ್ದ ಕಡೆಗೆ ಹತ್ತಿರ ಹತ್ತಿರ ತಂದು ಹೊಡೆದಿದ್ದ. ಇದ್ದ ಹಲಗೆಗಳಿಗೆಲ್ಲ ಹಳೆಯ ತೂತು ಮುಚ್ಚಿ ಬೇರೆ ತೂತು ಕೊರೆದಿದ್ದ. ಅವರ ಕಡೆಯದು ಹಳೆಯ ಅಳತೆಯಲ್ಲೇ ಉಳಿದಿತ್ತು. ಇಷ್ಟು ವರ್ಷ ಎರಡೂ ಕಡೆ ಹಲಗೆ ತಗಲಿಸಿದ ಅವಳ ಕೈಗೆ ಅದು ಗೊತ್ತಿತ್ತು, ತಲೆಗೆ ಹೊಳೆದಿರಲಿಲ್ಲ. ಅವರ ನಾಲ್ಕಿನ ಮೇಲೆ ಗೆರೆ ಎಳೆದು ನಮ್ಮ ನಾಲ್ಕನ್ನು ಮಾಡಿದ್ದಳು!

ಒಂದೇ ಕೊಕ್ಕೆಗೆ ಬಿಟ್ಟರೆ ಹಲಗೆ ವಾಲಿ, ಅಂಕೆ ಕಾಲು ಮುರಿದ ಕುರ್ಚಿಯಂತೆ ಅಡ್ಡಾಗುತ್ತಿತ್ತು. ಕೆಳಗೆ ಜನ ಬೋರ್ಡಿನ ಕಡೆ ತಿರುಗತೊಡಗಿದರು. 'ನಾವು' ಎನ್ನುವುದರ ಕೆಳಗೆ ಏನೂ ಇಲ್ಲ.

"ಬೋರ್ಡು! ಬೋರ್ಡು ಹಾಕ್ರೀ!"

"ಮತ್ತೆ ಮೂರಕ್ಕೇ ಸಿಕ್ಕಿಹಾಕ್ಕೊಂಡ್ರಾ?"

ಬೋರ್ಡಕ್ಕ ಮುಂದೆ ಯೋಚಿಸಲಿಲ್ಲ. ಹಲಗೆಯನ್ನು ಕೊಕ್ಕೆಗಳ ಮೇಲಕ್ಕೆ ಎತ್ತಿ, ಎರಡೂ ಅಂಗೈಗಳಿಂದ ಬೋರ್ಡಿಗೆ ಒತ್ತಿ ಹಿಡಿದಳು. ನಾಲ್ಕು ನೆಟ್ಟಗೆ ನಿಂತಿತು. ಕೆಳಗಿನಿಂದ ಎದ್ದ ಕೂಗಿಗೆ ಅಟ್ಟಣಿಗೆಯ ಹಲಗೆಗಳು ಅದುರಿದವು. ಆದರೆ ಹಾಗೆ ಹಿಡಿಯಬೇಕಾದರೆ ಬೋರ್ಡಿಗೆ ಮುಖ ಮಾಡಿ ನಿಲ್ಲಬೇಕು. ಮೈದಾನ ಪೂರ್ತಿ ಅವಳ ಬೆನ್ನಿಗಿತ್ತು. ಎಂದೂ ಒಂದು ನಿಮಿಷದ ಆಟ ಬಿಡದವಳು, ಇಂಥ ಪಂದ್ಯದ ಕೊನೆಯನ್ನು ನೋಡುವ ಹಾಗಿರಲಿಲ್ಲ.

ಕತ್ತು ಸ್ವಲ್ಪ ತಿರುಗಿಸಿದಳು. ಹಲಗೆ ಜಾರಿತು.

"ತಿರುಗ್ಬೇಡ್ವೇ!" ಅಪ್ಪನ ದನಿ. ಅವನು ಬೆಂಚು ಬಿಟ್ಟು ಏಣಿಯ ಬುಡಕ್ಕೆ ಬಂದಿದ್ದ. "ನೋಡ್ಬೇಡ, ಹಿಡ್ಕೋ! ನಾನು ಹೇಳ್ತೀನಿ!"

ಅವನು ಒಂದು ಕೈಯಲ್ಲಿ ಏಣಿ ಹಿಡಿದು, ಮೈದಾನ ನೋಡುತ್ತ, ರೇಡಿಯೋದವರಿಗಿಂತ ಜೋರಾಗಿ ಹೇಳತೊಡಗಿದ. "ಅವರ ಹತ್ರ ಇದೆ... ಬರ್ತಿದ್ದಾನೆ, ಬರ್ತಿದ್ದಾನೆ... ನಮ್ಮೋನು ಕಿತ್ಕೊಂಡ! ಕುಳ್ಳನಿಗೆ ಕೊಟ್ಟ... ಅಯ್ಯೋ, ಬೀಳಿಸಿದ್ರು, ಪಾಪಿಗಳು... ಎದ್ದ, ಎದ್ದ, ಏನಾಗಿಲ್ಲ..." ಬೋರ್ಡಕ್ಕ ಮೈಯೆಲ್ಲ ಕಿವಿಯಾಗಿ, ಮೂಗಿನ ಮುಂದಿನ ಬೂದು ಬಣ್ಣ ನೋಡುತ್ತ ನಿಂತಳು. ತೋಳುಗಳು ಸೋತು ನೋಯುತ್ತಿದ್ದವು. ಇದ್ದಕ್ಕಿದ್ದಂತೆ ಅಪ್ಪನ ಮಾತು ನಿಂತಿತು. ದೂರದಲ್ಲಿ ತುತ್ತೂರಿ ಮೊಳಗಿತು.

"ಏನಾಯ್ತಪ್ಪ?"

"...ಅವರದು ಮೂರು."

ನಮಗೆ ನಾಲ್ಕು, ಅವರಿಗೆ ಮೂರು. ಅಪ್ಪನ ಆ ದಿನದ್ದೇ ಲೆಕ್ಕ. ಅವರ ಹಲಗೆ ಬದಲಿಸದೆ ಇರುವುದು ಅವಳಿಂದಾಗದ ಮಾತು. ನಮ್ಮ ಬೋರ್ಡು ಎರಡನೇ ಸಲ ಸುಳ್ಳು ಹೇಳಬಾರದು. ಎಡ ಅಂಗೈಯನ್ನೂ ಹಣೆಯನ್ನೂ ನಾಲ್ಕಿಗೆ ಒತ್ತಿ, ಬಲಗೈಯನ್ನು ಎಟಕುವಷ್ಟು ಚಾಚಿ ಅವರ ಎರಡನ್ನು ಕೊಕ್ಕೆಯಿಂದ ಎತ್ತಿದಳು. ಅದು ಕಾಲಿನ ಮೇಲೆ ಬಿತ್ತು. ಬಿದ್ದರೆ ಬೀಳಲಿ ಎಂದು ಪಕ್ಕದ ಗೂಡಿನಿಂದ ಮೂರನ್ನು ತಡವಿ ತೆಗೆದು ತಗಲಿಸಿದಳು. ಹಳೆಯ ಅಳತೆಯ ಕೊಕ್ಕೆಗೆ ಅದು ಹೂವಿನ ಹಾಗೆ ಕೂತುಕೊಂಡಿತು. ಅದನ್ನು ಕಂಡು ಅವಳಿಗೆ ಹೊಟ್ಟೆ ಉರಿಯಿತು.

"ಇನ್ನೆಷ್ಟು ಹೊತ್ತಪ್ಪ?"

"ಸ್ವಲ್ಪ! ಮೂಲೆಯಿಂದ ಒದೀತಾರೆ... ಒದ್ರು... ತಲೆ..." ಇಡೀ ಮೈದಾನ ಹೋ ಎಂದಿತು. ಆ ಹೋ ಯಾರದು ಎಂದು ಬೋರ್ಡಕ್ಕನಿಗೆ ತಿಳಿಯಲಿಲ್ಲ. ಅವಳು ಕಣ್ಣು ಮುಚ್ಚಿಬಿಟ್ಟಳು.

"ಹಿಡ್ದ! ನಮ್ಮೋನು ಹಿಡ್ದ! ಅಪ್ಕೊಂಡು ಮಲಗಿಬಿಟ್ಟಿದ್ದಾನೆ, ಏಳೋದೇ ಇಲ್ಲ ಅಂತಿದ್ದಾನೆ!"

ಸೀಟಿ ಕೇಳಿತು. ಉದ್ದನೆಯ ಸೀಟಿ.

ಬೋರ್ಡಕ್ಕ ಹಲಗೆಯನ್ನು ಬಿಡಲಿಲ್ಲ. ಜನ ಕುಣಿದರು, ಟೋಪಿಗಳು ಹಾರಿದವು, ಮ್ಯಾನೇಜರು ಮೂಲೆ ಬಾವುಟವನ್ನೇ ಕಿತ್ತುಕೊಂಡು ಓಡಾಡಿದರು. ಇದೆಲ್ಲ ಅವಳಿಗೆ ಆಮೇಲೆ ಹೇಳಿದ್ದು. ದೂರದ ಬೆಂಚಿನವರು ಕೂಡ ನೋಡಿಕೊಂಡು ಮನೆಗೆ ಹೋಗಲಿ ಎಂದು ಅವಳು ನಿಂತೇ ಇದ್ದಳು. ಪೇಪರಿನ ಫೋಟೋದವನು ಕೆಳಗೆ ಬಂದು, "ಅಕ್ಕಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಅಂಕೆ ಪೂರ್ತಿ ಕಾಣ್ಲಿ," ಎಂದ.

"ಪಕ್ಕಕ್ಕೆ ಬಂದ್ರೆ ಅಂಕೆ ಬೀಳುತ್ತಪ್ಪ!"

ಆದ್ದರಿಂದ ಮಾರನೆಯ ದಿನದ ಪೇಪರಿನಲ್ಲಿ ಬಂದ ಫೋಟೋದಲ್ಲಿ ನಾಲ್ಕು, ಮೂರು, ಮತ್ತು ನಡುವೆ ಕೈ ಎತ್ತಿ ನಿಂತ ಅವಳ ಬೆನ್ನು ಇದ್ದವು. ಕ್ಷೌರದವನು ಹಳೆಯ ಪಟ್ಟಿಯ ಪಕ್ಕದಲ್ಲಿ ಅದನ್ನೂ ಅಂಟಿಸಿದ. ಈಗ ಅವನ ಕನ್ನಡಿಯಲ್ಲಿ ಗಿರಾಕಿಗಳಿಗೆ ಅರ್ಧ ಮುಖ ಮಾತ್ರ ಕಾಣುತ್ತದೆ.

ಅವಳು ಏಣಿಯಿಂದ ಇಳಿದಾ​ಗ ಅಪ್ಪ ಕೆಳಗೇ ನಿಂತಿದ್ದ. ಅವಳ ಹಣೆಯ ಮೇಲೆ ಬಿಳಿ ಬಣ್ಣ ಪಟ್ಟೆ ಎಳೆದಂತೆ ಅಂಟಿತ್ತು. ಅವನು ಹಲಗೆ ಈಸಿಕೊಂಡು, ತಿರುಗಿಸಿ, ತೂತುಗಳ ನಡುವೆ ಬೆರಳಿಟ್ಟು ನೋಡಿದ.

"ಎರಡು ಬೆರಳು ಒಳಗೆ ಕೊರೀಬೇಕಿತ್ತು."

"ಗೊತ್ತಾಯ್ತು."

"ನನ್ನ ಕೇಳೋಕೇನಾಗಿತ್ತು?"

"ಕೇಳಿದ್ರೆ ಬರೀಬೇಡ ಅಂತಿದ್ದೆ."

"ಅಂತಿದ್ದೆ," ಎಂದು ಒಪ್ಪಿಕೊಂಡ. ಇನ್ನೂ ಸ್ವಲ್ಪ ಹೊತ್ತು ಅಂಕೆಯನ್ನೇ ನೋಡಿದ. "ಕೈ ನನ್ನದೇ. ಒರಗಿಲ್ಲ."

ಬೀಗದ ಅಂಗಡಿಯವನು ಕೆಂಪು ಮಫ್ಲರನ್ನು ಜೇಬಿಗೆ ತುರುಕಿಕೊಂಡು ಗೇಟಿನ ಕಡೆಯಿಂದ ಬಂದ. ಬಾಯಿ ಬಿಡದೆ ಹೋಗುತ್ತಾನೆ ಎಂದುಕೊಂಡರೆ, ಅವನು ಅಪ್ಪನ ಮುಂದೆ ನಿಂತು, "ಏನು ನಾಲ್ಕಪ್ಪ, ಮನೆಗೆ ಹೋಗೋಣ್ವಾ?" ಎಂದ. ಮೂವರೂ ಒಟ್ಟಿಗೆ ನಡೆದರು. ದಾರಿಯುದ್ದಕ್ಕೂ ಅಪ್ಪ ಆ ನಾಲ್ಕನೇ ಗೋಲನ್ನು ವಿವರಿಸಿದ, ನೋಡಿದ್ದ ಬೋರ್ಡಕ್ಕನಿಗೂ, ನೋಡಬಾರದಿತ್ತು ಎಂದುಕೊಂಡಿದ್ದ ಬೀಗದವನಿಗೂ.

ಮನೆಯಲ್ಲಿ ಚಪ್ಪಲಿ ಬಿಡುವಾಗ ಅಪ್ಪ, "ಐದು ಬರಿ," ಎಂದ.

"ಗೋಲು ಮುನಿಸ್ಕೊಳ್ಳಲ್ವಾ?"

"ಮುನಿಸ್ಕೊಂಡ್ರೆ ನಾನು ಮಾತಾಡ್ತೀನಿ. ಅಳತೆ ಮಾತ್ರ ನಮ್ಮ ಕಡೆಯಿಂದಾನೇ ತಗೋ."

ಆಗಿರುವುದು ಎರಡೇ ಪಂದ್ಯ. ಸೀಸನ್ ಇನ್ನೂ ಇಡೀ ಬಾಕಿ ಇದೆ. ಬೋರ್ಡಕ್ಕನ ತೋಳು ಇನ್ನೂ ಮೇಲೆತ್ತಲು ಬರುತ್ತಿಲ್ಲ, ಆದರೆ ಐದಕ್ಕೆ ಹಲಗೆ ಆರಿಸಿಟ್ಟಿದ್ದಾಳೆ. ನಾಳೆ ಬೆಳಿಗ್ಗೆ ನಾನು ಟೇಪು ತೆಗೆದುಕೊಂಡು ಮೈದಾನಕ್ಕೆ ಹೋಗಿ, ಏಣಿ ಹತ್ತಿ, ನಮ್ಮ ಕಡೆಯ ಕೊಕ್ಕೆಗಳ ನಡುವಿನ ಅಳತೆ ತರುತ್ತೇನೆ.